ಫೋಟೋ ತೆವಳುತ್ತಿದೆಯಾ, ಕಳೆದುಹೋಯಿತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳನ್ನು ಎರಡು ರಾಶಿ ಮಾಡಿದೆ. ಒಂದು ‘ಸಾಫ್ಟ್‌ವೇರ್ ತೆವಳುತ್ತಿದೆ’ ರಾಶಿ, ಇನ್ನೊಂದು ‘ಫೋಟೋ ಹೋಯ್ತು’ ರಾಶಿ. ಎರಡನೆಯದೇ ದೊಡ್ಡದಾಗಿತ್ತು, ಬೇಜಾರಾಯಿತು. ಕೆಲವು ಪ್ರಶ್ನೆಗಳನ್ನು ಕತ್ತರಿಸಿ ಚಿಕ್ಕದು ಮಾಡಿದ್ದೇನೆ, ಬರೆದವರು ಸಿಟ್ಟಾಗಬೇಡಿ.

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ, ಪ್ರೊಸೆಸರ್ ಕೂಡ ಹಳೆಯದಲ್ಲ. ಆದರೂ ಅಡೋಬಿಯ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ರಾ ಫೋಟೋದಿಂದ ಇನ್ನೊಂದಕ್ಕೆ ಹೋದರೆ ‘ಲೋಡಿಂಗ್’ ಅಂತ ನಾಲ್ಕೈದು ಸೆಕೆಂಡ್ ನಿಂತುಬಿಡುತ್ತದೆ. ಒಂದು ಮದುವೆಯ 2,000 ಫೋಟೋಗಳಲ್ಲಿ ಚೆನ್ನಾಗಿರುವುದನ್ನು ಆರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಫೋಟೋ, ಕ್ಯಾಟಲಾಗ್ ಎರಡೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿವೆ. ರ‍್ಯಾಮ್ 32 ಜಿಬಿ ಮಾಡಿಸಲಾ?

ಉತ್ತರ: ತಡೀರಿ, ಈಗಲೇ ದುಡ್ಡು ಬಿಚ್ಚಬೇಡಿ. ‘ಎರಡೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿವೆ’ ಅಂದಿರಲ್ಲ, ಕಳ್ಳ ಅಲ್ಲೇ ಇದ್ದಾನೆ.

ಮೊದಲು ಆ ನಾಲ್ಕೈದು ಸೆಕೆಂಡ್‌ನಲ್ಲಿ ಏನಾಗುತ್ತದೆ ಅಂತ ನೋಡೋಣ. ರಾ ಫೈಲ್ ಅನ್ನುವುದು ಇನ್ನೂ ಫೋಟೋ ಅಲ್ಲ, ಫೋಟೋ ಆಗಬೇಕಾದ ಅಂಕಿಗಳ ಮೂಟೆ. ಕ್ಯಾಮೆರಾ ಸೆನ್ಸರ್‌ನ ಒಂದೊಂದು ಚುಕ್ಕೆಯೂ ಒಂದೇ ಬಣ್ಣ ಹಿಡಿಯುತ್ತದೆ. ನಾಲ್ಕು ಚುಕ್ಕೆ ತೆಗೆದುಕೊಂಡರೆ ಅದರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಅವರ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು, ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿ ಇರುವುದು ಅದೇ. ಹಾಗಾಗಿ ಪ್ರತಿ ಚುಕ್ಕೆಯಲ್ಲೂ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಬೇಕು. ಇದಕ್ಕೆ ಡಿಮೊಸೈಕ್ ಅನ್ನುತ್ತಾರೆ. ಆಮೇಲೆ ವೈಟ್ ಬ್ಯಾಲೆನ್ಸ್, ಲೆನ್ಸ್ ತಿದ್ದುಪಡಿ, ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ತೆಗೆಯುವುದು, ನೀವು ಎಳೆದ ಸ್ಲೈಡರ್‌ಗಳು, ಬ್ರಷ್ ಆಡಿಸಿದ ಜಾಗಗಳು, ಎಲ್ಲವೂ ಒಂದಾದ ಮೇಲೊಂದು. 24 ಮೆಗಾಪಿಕ್ಸೆಲ್ ಫೋಟೋ ಡಿಸ್ಕ್‌ನಲ್ಲಿ 25-30 ಎಂಬಿ ಇರಬಹುದು, ಆದರೆ ಬಿಚ್ಚಿ ಮೂರು ಬಣ್ಣ, ಬಣ್ಣಕ್ಕೆ 16 ಬಿಟ್ ಅಂತ ಹರಡಿದರೆ 144 ಎಂಬಿ ಆಗುತ್ತದೆ.

ಇನ್ನೂ ಒಂದು ವಿಷಯ ಇದೆ, ಇವತ್ತಿನ ಅರ್ಧ ಪ್ರಶ್ನೆಗಳಿಗೆ ಅದೇ ಬೀಗದ ಕೈ. ನೀವು ಎಕ್ಸ್‌ಪೋಶರ್ ಎಳೆದಾಗ ಮೂಲ ರಾ ಫೈಲ್‌ನ ಒಂದು ಅಂಕಿಯೂ ಬದಲಾಗುವುದಿಲ್ಲ. ‘ಇಷ್ಟು ಬೆಳಕು ಜಾಸ್ತಿ ಮಾಡು, ಇಲ್ಲಿ ಕತ್ತರಿಸು’ ಅನ್ನುವ ಸೂಚನೆಗಳ ಚೀಟಿ ಮಾತ್ರ ಬರೆದಿಡಲಾಗುತ್ತದೆ. ಫೋಟೋ ತೆರೆದಾಗಲೆಲ್ಲ ಮೂಲದಿಂದ ಶುರು ಮಾಡಿ ಆ ಚೀಟಿಯನ್ನು ಮತ್ತೆ ಓದಬೇಕು. ಚೀಟಿ ಉದ್ದವಾದಷ್ಟೂ ಕೆಲಸ ಜಾಸ್ತಿ.

ಈಗ ನಿಮ್ಮ ಡಿಸ್ಕ್. ತಿರುಗುವ ಹಾರ್ಡ್‌ಡಿಸ್ಕ್ ಒಂದು ದೊಡ್ಡ ಫೈಲನ್ನು ನೇರವಾಗಿ ಓದುವಾಗ ಸೆಕೆಂಡಿಗೆ 100ರಿಂದ 200 ಎಂಬಿ ಕೊಡುತ್ತದೆ, ಪರವಾಗಿಲ್ಲ. ಆದರೆ ಲೈಟ್‌ರೂಮ್ ಕ್ಯಾಟಲಾಗ್ ಅಂದರೆ ಆ ಚೀಟಿಗಳನ್ನೆಲ್ಲ ಇಟ್ಟುಕೊಂಡಿರುವ ಒಂದು ಡೇಟಾಬೇಸ್. ಅದರ ಪಕ್ಕದಲ್ಲಿ ಪ್ರಿವ್ಯೂಗಳು ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳಾಗಿ ಬಿದ್ದಿರುತ್ತವೆ. ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಹೆಕ್ಕಲು ಹೋದರೆ ಹಾರ್ಡ್‌ಡಿಸ್ಕ್‌ನ ಮುಳ್ಳು ಓಡಾಡಿಯೇ ಸುಸ್ತಾಗುತ್ತದೆ. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಬರೆದಿಡುವ ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ. ಆದ್ದರಿಂದ ಲೈಟ್‌ರೂಮ್ ಮುಚ್ಚಿ, ಕ್ಯಾಟಲಾಗ್ ಇರುವ ಇಡೀ ಫೋಲ್ಡರನ್ನು, ಅಂದರೆ ಪ್ರಿವ್ಯೂ ಸಮೇತ, ಲ್ಯಾಪ್‌ಟಾಪ್ ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಅಲ್ಲಿಂದ ತೆರೆಯಿರಿ. ಮೂಲ ಫೋಟೋಗಳು ಹೊರಗಿನ ಡಿಸ್ಕ್‌ನಲ್ಲೇ ಇರಲಿ, ತೊಂದರೆ ಇಲ್ಲ.

ಕೇಬಲ್ ಕೂಡ ನೋಡಿ. ಡಿಸ್ಕ್ ಯುಎಸ್‌ಬಿ 3 ಆಗಿದ್ದರೂ ಹಳೇ ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದ್ದರೆ ಸೆಕೆಂಡಿಗೆ 30-40 ಎಂಬಿ ಮೇಲೆ ಬರುವುದಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಹೀಗೇ ಕೆಲಸ ಮಾಡಿ ಕಂಪ್ಯೂಟರನ್ನು ಬೈದುಕೊಂಡಿರುತ್ತಾರೆ.

ಇನ್ನು ಆರಿಸುವ ಕೆಲಸ. ನೀವು ಬಹುಶಃ ಡೆವಲಪ್ ಮಾಡ್ಯೂಲ್‌ನಲ್ಲಿ ಕೂತು ಬಾಣದ ಕೀ ಒತ್ತುತ್ತಾ ಹೋಗುತ್ತಿದ್ದೀರಿ, ಅಲ್ವಾ? ಅಲ್ಲಿ ಪ್ರತಿ ಫೋಟೋಗೂ ಮೇಲೆ ಹೇಳಿದ ಪೂರ್ತಿ ಲೆಕ್ಕ ನಡೆಯಬೇಕು. ಲೈಬ್ರರಿ ಮಾಡ್ಯೂಲ್‌ಗೆ ಬನ್ನಿ, ಅಲ್ಲಿ ಮೊದಲೇ ಮಾಡಿಟ್ಟ ಪ್ರಿವ್ಯೂ ಕಾಣಿಸುತ್ತದೆ, ಅಷ್ಟೇ. ಇಂಪೋರ್ಟ್ ಮಾಡುವಾಗ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಆಯ್ಕೆ ಮಾಡಿದರೆ ಕ್ಯಾಮೆರಾ ರಾ ಫೈಲ್‌ನೊಳಗೆ ಸೇರಿಸಿಟ್ಟ ಜೆಪೆಗ್ಗನ್ನೇ ತೋರಿಸುತ್ತದೆ, 2,000 ಫೋಟೋ ಸರಸರ ಸಾಗುತ್ತವೆ. ಜೂಮ್ ಮಾಡಿ ಕಣ್ಣಿನ ಫೋಕಸ್ ನೋಡಲೇಬೇಕು ಅಂದರೆ ‘1:1’ ಪ್ರಿವ್ಯೂ ಹಾಕಿ, ರಾತ್ರಿ ಬಿಟ್ಟು ಮಲಗಿ. ಆರಿಸಿದ ಮೇಲೆ ಎಡಿಟ್‌ಗೆ ಸ್ಮಾರ್ಟ್ ಪ್ರಿವ್ಯೂ ಮಾಡಿಸಿಕೊಳ್ಳಿ. ಅದು ಉದ್ದದ ಕಡೆ 2,560 ಪಿಕ್ಸೆಲ್ ಇರುವ ಚಿಕ್ಕ ರಾ ನಕಲು. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಎಡಿಟಿಂಗ್‌ಗೆ ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು’ ಅನ್ನುವ ಅರ್ಥದ ಒಂದು ಟಿಕ್ ಇದೆ, ಹಾಕಿ. ಅದೇ ಪುಟದಲ್ಲಿ ಕ್ಯಾಮೆರಾ ರಾ ಕ್ಯಾಶ್ ಗಾತ್ರವೂ ಇದೆ, ಜಾಗ ಇದ್ದರೆ 20 ಜಿಬಿಗೆ ಏರಿಸಿ.

ಇಷ್ಟು ಮಾಡಿಯೂ ಕುಂಟಿದರೆ ಊಹೆ ಮಾಡಬೇಡಿ, ಅಳೆಯಿರಿ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್, ಮ್ಯಾಕ್ ಆದರೆ ಆ್ಯಕ್ಟಿವಿಟಿ ಮಾನಿಟರ್ ತೆರೆದು ಲೈಟ್‌ರೂಮ್ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಸ್ಲೈಡರ್ ಹಿಡಿದು ಅತ್ತಿತ್ತ ಎಳೆಯುತ್ತಾ ಪಕ್ಕದ ಗೆರೆಗಳನ್ನು ನೋಡಿ. ಡಿಸ್ಕ್ ಶೇ 100ಕ್ಕೆ ಅಂಟಿಕೊಂಡು ಪ್ರೊಸೆಸರ್ ಸುಮ್ನೆ ಕೂತಿದ್ದರೆ ರ‍್ಯಾಮ್ ಹಾಕಿಸಿ ಪ್ರಯೋಜನವಿಲ್ಲ. ಮೆಮೊರಿ ಅಂಚಿಗೆ ಬಂದು ನಿಂತಿದ್ದರೆ, ಅದೂ ಫೋಟೋಶಾಪ್, ಬ್ರೌಸರ್ ಎಲ್ಲ ತೆರೆದಿಟ್ಟುಕೊಂಡೇ ಕೆಲಸ ಮಾಡುವವರು ನೀವಾಗಿದ್ದರೆ, ಆಗ 32 ಜಿಬಿ ಹಾಕಿಸಿ, ಬೇಡ ಅನ್ನುವುದಿಲ್ಲ. ಹಾಂ, 4ಕೆ ಮಾನಿಟರ್ ಸಿಕ್ಕಿಸಿದ್ದೀರಾ? ಫುಲ್ ಎಚ್‌ಡಿಗಿಂತ ಸರಿಯಾಗಿ ನಾಲ್ಕು ಪಟ್ಟು ಚುಕ್ಕೆ ಬಿಡಿಸಬೇಕು. ಎಡಿಟ್ ಮಾಡುವಾಗ ಕಿಟಕಿ ಚಿಕ್ಕದು ಮಾಡಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಪ್ರಶ್ನೆ: ಎಐ ಡಿನಾಯ್ಸ್ ಒತ್ತಿದರೆ ನನಗೆ ಒಂದು ಫೋಟೋಗೆ ಆರು ನಿಮಿಷ ತೋರಿಸುತ್ತದೆ. ಅದೇ ಸಾಫ್ಟ್‌ವೇರ್, ಅದೇ ಕ್ಯಾಮೆರಾ, ಗೆಳೆಯನಿಗೆ ಇಪ್ಪತ್ತು ಸೆಕೆಂಡ್. ನನ್ನ ಸಾಫ್ಟ್‌ವೇರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಗೆಳೆಯನ ಹತ್ತಿರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದೆ, ನಿಮ್ಮ ಹತ್ತಿರ ಇಲ್ಲ, ಅಷ್ಟೇ. ಲೈಟ್‌ರೂಮ್‌ಗೆ 2023ರ ಏಪ್ರಿಲ್‌ನಲ್ಲಿ ಬಂದ ಈ ಡಿನಾಯ್ಸ್ ಹೆಚ್ಚುಕಮ್ಮಿ ಪೂರ್ತಿ ಆ ಕಾರ್ಡ್‌ನಲ್ಲಿರುವ ಜಿಪಿಯು ಮೇಲೇ ನಡೆಯುತ್ತದೆ, ಪ್ರೊಸೆಸರ್ ಎಷ್ಟು ಜೋರಾಗಿದ್ದರೂ ಇಲ್ಲಿ ಕೆಲಸಕ್ಕೆ ಬರುವುದು ಕಮ್ಮಿ. ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ, ಕೆಲವೊಮ್ಮೆ ಅಷ್ಟರಿಂದಲೇ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಆರಿಸಿದ ಹತ್ತಿಪ್ಪತ್ತು ಫೋಟೋಗೆ ಮಾತ್ರ ಹಾಕಿ, ಒಟ್ಟಿಗೆ ಬಿಟ್ಟು ಎದ್ದು ಹೋಗಿ. ಇಷ್ಟಕ್ಕೂ ಮೊಬೈಲ್ ಪರದೆಯಲ್ಲಿ ನೋಡುವ ಫೋಟೋದಲ್ಲಿ ಸಣ್ಣ ನಾಯ್ಸ್ ಯಾರಿಗೂ ಕಾಣುವುದಿಲ್ಲ. ಶೇ 100 ಜೂಮ್ ಮಾಡಿಕೊಂಡು ಕೊರಗುವವರು ನಾವೇ.

ಪ್ರಶ್ನೆ: ಕ್ಯಾಮೆರಾ ಹಿಂದಿನ ಪರದೆಯಲ್ಲಿ ಫೋಟೋ ಎಷ್ಟು ಚೆನ್ನಾಗಿ ಕಾಣುತ್ತದೆ! ಕಂಪ್ಯೂಟರ್‌ಗೆ ಹಾಕಿದ ಮೊದಲ ಕ್ಷಣವೂ ಹಾಗೇ ಇರುತ್ತದೆ. ಒಂದು ಸೆಕೆಂಡ್ ಬಿಟ್ಟು ಪಕ್ಕನೆ ಬಣ್ಣ ಬಿಟ್ಟು ಪೇಲವವಾಗುತ್ತದೆ. ಸಾಫ್ಟ್‌ವೇರ್ ಫೋಟೋ ಹಾಳು ಮಾಡುತ್ತಿದೆ ಅನ್ನಿಸುತ್ತದೆ. ಇದಕ್ಕೆ ಜೆಪೆಗ್ಗೇ ವಾಸಿ ಅಲ್ವಾ ಮೇಡಂ?

ಉತ್ತರ: ಮೇಡಂ ಅಲ್ಲ, ಸರ್. ಇರಲಿ, ಪರವಾಗಿಲ್ಲ.

ಆ ‘ಪಕ್ಕನೆ’ ಆಗುವ ಬದಲಾವಣೆಯನ್ನು ನೀವು ಸರಿಯಾಗಿ ಗಮನಿಸಿದ್ದೀರಿ, ಬಹಳ ಜನ ಗಮನಿಸುವುದಿಲ್ಲ. ಮೊದಲ ಕ್ಷಣ ಕಂಡದ್ದು ರಾ ಅಲ್ಲ, ಕ್ಯಾಮೆರಾ ತಾನೇ ತಯಾರಿಸಿ ರಾ ಫೈಲ್ ಒಳಗೆ ಮಡಚಿಟ್ಟ ಜೆಪೆಗ್. ಕ್ಯಾಮೆರಾ ಪರದೆಯಲ್ಲಿ ಕಾಣುವುದೂ ಅದೇ. ಅದಕ್ಕೆ ಕ್ಯಾಮೆರಾ ತನ್ನ ರುಚಿಯಂತೆ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಸೇರಿಸಿರುತ್ತದೆ. ಒಂದು ಸೆಕೆಂಡ್ ಬಿಟ್ಟು ಸಾಫ್ಟ್‌ವೇರ್ ತಾನು ಅಂಕಿಗಳಿಂದ ಲೆಕ್ಕ ಹಾಕಿದ ಫೋಟೋ ತೋರಿಸುತ್ತದೆ, ಅದರಲ್ಲಿ ಆ ಅಲಂಕಾರ ಇನ್ನೂ ಇಲ್ಲ. ಹಾಳಾಗಿಲ್ಲ, ಇನ್ನೂ ಸಿಂಗಾರ ಆಗಿಲ್ಲ.

ಲೈಟ್‌ರೂಮ್‌ನಲ್ಲಿ ಪ್ರೊಫೈಲ್ ಅನ್ನುವ ಕಡೆ ‘ಕ್ಯಾಮೆರಾ ಮ್ಯಾಚಿಂಗ್’ ಗುಂಪು ಇರುತ್ತದೆ. ಅದರಲ್ಲಿ ನಿಮ್ಮ ಕ್ಯಾಮೆರಾದ ಸ್ಟ್ಯಾಂಡರ್ಡ್, ಪೋರ್ಟ್ರೇಟ್ ಇಂಥವು ಇವೆ, ಹಾಕಿದರೆ ಮುಕ್ಕಾಲು ಪಾಲು ಹತ್ತಿರ ಬರುತ್ತದೆ. ಪೂರ್ತಿ ಅದೇ ಬಣ್ಣ ಬೇಕು ಅಂದರೆ ಕ್ಯಾಮೆರಾ ಕಂಪನಿಯವರದೇ ಸಾಫ್ಟ್‌ವೇರ್ ಬಳಸಿ. ಕ್ಯಾನನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೋ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಜೆಪೆಗ್ಗೇ ವಾಸಿಯಾ? ಬಣ್ಣ ಮುಟ್ಟುವ ಆಸೆ ಇಲ್ಲದಿದ್ದರೆ ಖಂಡಿತ ವಾಸಿ, ಯಾಕೆ ಸುಮ್ನೆ ಕಷ್ಟ? ಆದರೆ ಲೆಕ್ಕ ಗೊತ್ತಿರಲಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. 14 ಬಿಟ್ ರಾ ಫೈಲ್‌ನಲ್ಲಿ 16,384. ಬಾಗಿಲಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗಿ ಬಂದಿದೆ ಅಂತಿಟ್ಟುಕೊಳ್ಳಿ. ಜೆಪೆಗ್‌ನಲ್ಲಿ ಆ ಮುಖವನ್ನು ಎತ್ತಲು ಹೋದರೆ ಕೆನ್ನೆಯ ಮೇಲೆ ಪಟ್ಟೆಪಟ್ಟೆ ಏಳುತ್ತವೆ, ಯಾಕೆಂದರೆ ಆ ಕತ್ತಲಿಗೆ ಸಿಕ್ಕಿದ್ದೇ ನಾಲ್ಕಾರು ಮೆಟ್ಟಿಲು. ರಾ ಫೈಲ್‌ನಲ್ಲಿ ಕಣ್ಣಿನ ರೆಪ್ಪೆವರೆಗೂ ಎದ್ದು ಬರುತ್ತದೆ. ಅಂದ ಹಾಗೆ ಕ್ಯಾಮೆರಾದಲ್ಲಿ ಕಾಣುವ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಹೇಗೆ ಹಂಚಿದೆ ಅಂತ ತೋರಿಸುವ ಗ್ರಾಫ್) ಕೂಡ ಆ ಜೆಪೆಗ್‌ನದೇ. ಅದು ‘ಬಿಳಿ ಸುಟ್ಟಿದೆ’ ಅಂದರೂ ರಾ ಫೈಲ್‌ನಲ್ಲಿ ಒಂದಿಷ್ಟು ಉಳಿದಿರುವುದುಂಟು.

ಪ್ರಶ್ನೆ: ಫೋಟೋಶಾಪ್‌ನಲ್ಲಿ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಅಂತ ಬರುತ್ತದೆ. ಫೈಲ್ ಇರುವುದೇ 300 ಎಂಬಿ, ಡಿಸ್ಕ್‌ನಲ್ಲಿ 12 ಜಿಬಿ ಖಾಲಿ ಇದೆ. ಸುಳ್ಳು ಹೇಳುತ್ತಿದೆಯಾ?

ಉತ್ತರ: ಇಲ್ಲ, ನಿಜವನ್ನೇ ಹೇಳುತ್ತಿದೆ. ರ‍್ಯಾಮ್ ಸಾಲದಾಗ ಫೋಟೋಶಾಪ್ ಡಿಸ್ಕನ್ನೇ ಬರೆಯುವ ಹಲಗೆ ಮಾಡಿಕೊಳ್ಳುತ್ತದೆ. ಹಿಸ್ಟರಿಯ ಹಿಂದಿನ ಹೆಜ್ಜೆಗಳೂ ಅಲ್ಲೇ ಕೂರುತ್ತವೆ. 24 ಮೆಗಾಪಿಕ್ಸೆಲ್ 16 ಬಿಟ್ ಫೋಟೋದ ಒಂದು ಪೂರ್ತಿ ಲೇಯರ್ ಅಂದರೆ 144 ಎಂಬಿ. ಹತ್ತು ಲೇಯರ್ ನಕಲು ಮಾಡಿ, ಇಡೀ ಫೋಟೋ ಬದಲಾಗುವ ಫಿಲ್ಟರ್‌ಗಳನ್ನು ಮೂವತ್ತು ಸಲ ಹಾಕಿ, ಹಿಂದೆ ಹೋಗಲೂ ಬೇಕು ಅಂದರೆ 12 ಜಿಬಿ ಬಹಳ ಬೇಗ ಕರಗುತ್ತದೆ. ಲೇಯರ್ ನಕಲು ಮಾಡುವ ಬದಲು ಅಡ್ಜಸ್ಟ್‌ಮೆಂಟ್ ಲೇಯರ್ ಬಳಸಿ, ಅದೂ ಬರೀ ಸೂಚನೆಯ ಚೀಟಿ, ತೂಕ ಕಮ್ಮಿ. ಹಿಸ್ಟರಿ ಹೆಜ್ಜೆಗಳನ್ನು 20ಕ್ಕೆ ಇಳಿಸಿ. ಸ್ಕ್ರ್ಯಾಚ್ ಡಿಸ್ಕ್ ಅಂತ ಜಾಗ ಇರುವ ಇನ್ನೊಂದು ಎಸ್‌ಎಸ್‌ಡಿ ತೋರಿಸಿ. ಈ ಕ್ಷಣಕ್ಕೆ ಕೆಲಸ ಆಗಬೇಕಾ? ಸೇವ್ ಮಾಡಿ ಫೋಟೋಶಾಪ್ ಮುಚ್ಚಿ ತೆರೆಯಿರಿ. ಪಿಎಸ್‌ಡಿ ಫೈಲ್ 2 ಜಿಬಿ ದಾಟುವುದಿಲ್ಲ, ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಇದೆ, ಇದನ್ನೂ ಗೊತ್ತು ಮಾಡಿಕೊಂಡಿರಿ.

ಪ್ರಶ್ನೆ: ಫೋಟೋಗಳೆಲ್ಲ ಕ್ಲೌಡ್‌ಗೆ ಹೋಗಿವೆ ಅಂತ ಧೈರ್ಯವಾಗಿ ಫೋನ್‌ನಲ್ಲಿ ಎಲ್ಲ ಅಳಿಸಿದೆ. ನೋಡಿದರೆ ಕ್ಲೌಡ್‌ನಲ್ಲೂ ಇಲ್ಲ! ಮಗಳ ಮೊದಲ ವರ್ಷದ ಫೋಟೋಗಳು. ಏನಾದರೂ ದಾರಿ ಇದೆಯಾ?

ಉತ್ತರ: ಮೊದಲು ಆ ಆ್ಯಪ್‌ನ ಟ್ರ್ಯಾಶ್ ಅಥವಾ ‘ರೀಸೆಂಟ್ಲಿ ಡಿಲೀಟೆಡ್’ ನೋಡಿ, ಈಗಲೇ, ಇದನ್ನು ಓದುತ್ತಿರುವಾಗಲೇ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೋ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆ್ಯಪಲ್‌ನಲ್ಲಿ 30 ದಿನ. ಅಷ್ಟರೊಳಗಿದ್ದರೆ ಎಲ್ಲವೂ ವಾಪಸ್ ಬರುತ್ತವೆ.

ನಿಮಗೆ ಮೋಸ ಮಾಡಿದ್ದು ಒಂದು ಪದ. ನೀವು ಅಂದುಕೊಂಡದ್ದು ಬ್ಯಾಕಪ್, ಅಲ್ಲಿ ನಡೆಯುತ್ತಿದ್ದದ್ದು ಸಿಂಕ್. ಸಿಂಕ್ ಅಂದರೆ ಕನ್ನಡಿ. ನೀವು ಮುಖ ತಿರುಗಿಸಿದರೆ ಅದೂ ತಿರುಗಿಸುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ, ಅದಕ್ಕೆ ಹೇಳಿದ ಕೆಲಸವೇ ಅದು.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ಇದನ್ನೇ ನಾನು ಇನ್ನೂ ದೊಡ್ಡದಾಗಿ ಮಾಡಿಕೊಂಡವನು. ಎರಡು ಹಾರ್ಡ್‌ಡಿಸ್ಕ್ ಇಟ್ಟುಕೊಂಡು, ದಿನಾ ರಾತ್ರಿ ಒಂದು ಪ್ರೋಗ್ರಾಂ ಮೊದಲನೆಯದನ್ನು ಎರಡನೆಯದಕ್ಕೆ ‘ಮಿರರ್’ ಮಾಡುವ ಹಾಗೆ ಹೊಂದಿಸಿ, ನನ್ನಷ್ಟು ಶಿಸ್ತಿನವನು ಇನ್ನೊಬ್ಬನಿಲ್ಲ ಅಂತ ಬೀಗುತ್ತಿದ್ದೆ. ಒಂದು ಸಂಜೆ ಜಾಗ ಮಾಡುವಾಗ ತಪ್ಪಿ ಒಂದು ವರ್ಷದ ಇಡೀ ಫೋಲ್ಡರ್ ಅಳಿಸಿದೆ. ಗೊತ್ತೇ ಆಗಲಿಲ್ಲ. ರಾತ್ರಿ ಪ್ರೋಗ್ರಾಂ ಎದ್ದು, ಮೊದಲ ಡಿಸ್ಕ್‌ನಲ್ಲಿ ಆ ಫೋಲ್ಡರ್ ಇಲ್ಲ ಅಂತ ನೋಡಿ, ಬಹಳ ನಿಷ್ಠೆಯಿಂದ ಎರಡನೆಯದರಿಂದಲೂ ಅಳಿಸಿ ಮಲಗಿತು. ಉಳಿಸಿದ್ದು ತಮ್ಮನ ಮನೆಯ ಕಪಾಟಿನಲ್ಲಿ ಮೂರು ತಿಂಗಳಿಂದ ಬಿದ್ದಿದ್ದ ಮೂರನೇ ಡಿಸ್ಕ್. ಅದನ್ನು ಅಪ್‌ಡೇಟ್ ಮಾಡಲು ನಾನು ಮರೆತಿದ್ದೆ, ಆ ಮರೆವೇ ಕಾಪಾಡಿತು.

ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿಕೊಟ್ಟ 3-2-1 ಲೆಕ್ಕ ಇದಕ್ಕೇ ಇರುವುದು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಳ್ಳತನ, ಬೆಂಕಿ, ನೀರು ಬಂದಾಗ ಮೇಜಿನ ಮೇಲಿರುವ ಎರಡು ಡಿಸ್ಕ್ ಒಟ್ಟಿಗೇ ಹೋಗುತ್ತವೆ. ಇದಕ್ಕೆ ನನ್ನ ಸೇರಿಕೆ ಒಂದಿದೆ: ಮೂರರಲ್ಲಿ ಒಂದಾದರೂ ಕಂಪ್ಯೂಟರ್‌ಗೆ ಸಿಕ್ಕಿಸದೆ ಇರಲಿ. ಕೈಗೆ ಸಿಗದ ಡಿಸ್ಕನ್ನು ಯಾವ ಪ್ರೋಗ್ರಾಮೂ, ಯಾವ ವೈರಸ್ಸೂ, ನಿಮ್ಮ ಬೆರಳೂ ಅಳಿಸಲಾರದು. ಒಂದೇ ಫೈಲನ್ನು ಎರಡು ಡಿಸ್ಕ್‌ಗೂ ಒಟ್ಟಿಗೇ ಬರೆಯುವ ರೇಡ್ ಪೆಟ್ಟಿಗೆ ಇದೆ ಅಂತ ನಿಶ್ಚಿಂತೆಯಾಗಿರುವವರಿಗೂ ಇದೇ ಮಾತು. ಒಂದು ಡಿಸ್ಕ್ ಸತ್ತರೆ ರೇಡ್ ಕಾಯುತ್ತದೆ, ನೀವೇ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಸುತ್ತದೆ.

ಕ್ಲೌಡ್‌ನಲ್ಲಿ ಇನ್ನೂ ಎರಡು ನೋಡಿಕೊಳ್ಳಿ. ‘ಸ್ಟೋರೇಜ್ ಸೇವರ್’ ಥರದ ಆಯ್ಕೆ ಇದ್ದರೆ ಮೂಲವಲ್ಲ, ಕುಗ್ಗಿಸಿದ ಪ್ರತಿ ಉಳಿಯುತ್ತದೆ. ಮತ್ತೆ ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತಂದಿದೆ. ಅಪ್ಪ ಅಮ್ಮನ ಹಳೇ ಖಾತೆಯಲ್ಲಿ ಫೋಟೋ ಇದ್ದರೆ ಒಮ್ಮೆ ಒಳಗೆ ಹೋಗಿ ಬನ್ನಿ.

ಪ್ರಶ್ನೆ: ಪ್ರತಿ ವಾರ ಲೈಟ್‌ರೂಮ್ ಕೇಳಿದಾಗಲೆಲ್ಲ ‘ಬ್ಯಾಕಪ್’ ಒತ್ತಿದ್ದೇನೆ, ಒಂದು ಸಲವೂ ತಪ್ಪಿಸಿಲ್ಲ. ಫೋಟೋಗಳಿದ್ದ ಹಾರ್ಡ್‌ಡಿಸ್ಕ್ ಕಟ್ ಕಟ್ ಸದ್ದು ಮಾಡಿ ನಿಂತಿತು. ಬ್ಯಾಕಪ್ ತೆರೆದರೆ ಎಲ್ಲ ಫೋಟೋ ಮೇಲೂ ಆಶ್ಚರ್ಯಸೂಚಕ ಚಿಹ್ನೆ. ಫೋಟೋಗಳು ಎಲ್ಲಿ?

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಬ್ಯಾಕಪ್‌ನಲ್ಲಿ ಇರುವುದು ಕ್ಯಾಟಲಾಗ್ ಮಾತ್ರ, ಅಂದರೆ ಮೊದಲ ಉತ್ತರದಲ್ಲಿ ಹೇಳಿದ ಚೀಟಿಗಳ ಕಟ್ಟು. ಫೋಟೋ ಒಂದೂ ಇಲ್ಲ. ಆ ಕಿಟಕಿಯಲ್ಲೇ ಸಣ್ಣ ಅಕ್ಷರದಲ್ಲಿ ಹಾಗೆ ಬರೆದಿದೆ, ಆದರೆ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಮುಚ್ಚುವವರು ಯಾರು ಓದುತ್ತಾರೆ?

ಈಗ ಮಾಡಬೇಕಾದ್ದು. ಆ ಡಿಸ್ಕನ್ನು ‘ಇನ್ನೊಂದು ಸಲ ನೋಡೋಣ’ ಅಂತ ಸಿಕ್ಕಿಸಬೇಡಿ. ಕಟ್ ಕಟ್ ಸದ್ದು ಬರುವುದು ಒಳಗಿನ ಮುಳ್ಳು ತನ್ನ ಜಾಗ ಸಿಗದೆ ಒದ್ದಾಡುವಾಗ, ಪ್ರತಿ ಪ್ರಯತ್ನಕ್ಕೂ ತಟ್ಟೆಗೆ ಗೀರು ಬೀಳುವ ಭಯ ಇದೆ. ಫ್ರಿಜ್‌ನಲ್ಲಿಡಿ ಅನ್ನುವವರ ಮಾತು ಕೇಳಬೇಡಿ. ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು, ಖರ್ಚು ಜಾಸ್ತಿ, ಗ್ಯಾರಂಟಿ ಇಲ್ಲ.

ಅಷ್ಟರಲ್ಲಿ ಲೈಟ್‌ರೂಮ್‌ನಲ್ಲಿ ನೋಡಿ, ಸ್ಮಾರ್ಟ್ ಪ್ರಿವ್ಯೂ ಮಾಡಿಸಿದ್ದಿರಾ? ಇದ್ದರೆ ಮೂಲ ಇಲ್ಲದಿದ್ದರೂ ಅದರಿಂದಲೇ ಎಕ್ಸ್‌ಪೋರ್ಟ್ ಮಾಡಬಹುದು, 2,560 ಪಿಕ್ಸೆಲ್ ಉದ್ದದ ಫೋಟೋ ಸಿಗುತ್ತದೆ. ಆಲ್ಬಂನ ಚಿಕ್ಕ ಚಿತ್ರಕ್ಕೆ ಸಾಕು. ಪ್ರಿವ್ಯೂ ಫೋಲ್ಡರನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಆಮೇಲೆ ಮನೆಯಲ್ಲಿರುವ ಮೆಮೊರಿ ಕಾರ್ಡ್‌ಗಳನ್ನೆಲ್ಲ ಗುಡ್ಡೆ ಹಾಕಿ. ಫಾರ್ಮ್ಯಾಟ್ ಮಾಡಿದ ಕಾರ್ಡ್‌ನಲ್ಲೂ ಬಹಳ ಸಲ ಫೋಟೋ ಹಾಗೇ ಇರುತ್ತವೆ, ಅಳಿದಿರುವುದು ಸೂಚಿ ಮಾತ್ರ. ಫೋಟೋರೆಕ್ ಅನ್ನುವ ಉಚಿತ ಪ್ರೋಗ್ರಾಂ ಹೆಕ್ಕಿ ಕೊಡುತ್ತದೆ, ಫೈಲ್ ಹೆಸರುಗಳು ಮಾತ್ರ ಹೋಗಿರುತ್ತವೆ. ಕಾರ್ಡ್ ಮೇಲೆ ಹೊಸದೇನೂ ಬರೆಯಬೇಡಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಉಳಿಸಿ. ತಪ್ಪಿ ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡ ಇನ್ನೂ ನಾಲ್ವರು ಬರೆದಿದ್ದಾರೆ, ಅವರಿಗೂ ಇದೇ ಉತ್ತರ: ಮೊದಲು ಕ್ಯಾಮೆರಾ ಆಫ್ ಮಾಡಿ.

ಪ್ರಶ್ನೆ: ಇನ್ನು ಮೇಲೆ ಫೋಟೋಗಳನ್ನು ಎಸ್‌ಎಸ್‌ಡಿಗೆ ಹಾಕಿ ಬೀರುವಿನಲ್ಲಿಟ್ಟುಬಿಡೋಣ ಅಂತಿದ್ದೇನೆ. ತಿರುಗುವ ಭಾಗ ಇಲ್ಲ, ಹಾಗಾಗಿ ಕೆಡುವುದಿಲ್ಲ ಅಲ್ವಾ?

ಉತ್ತರ: ತಿರುಗುವ ಭಾಗ ಇಲ್ಲ, ನಿಜ. ಆದರೆ ಅದು ಫೋಟೋ ಹಿಡಿದಿಡುವುದು ವಿದ್ಯುತ್ ಚಾರ್ಜ್ ರೂಪದಲ್ಲಿ, ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಆ ಚಾರ್ಜ್ ಮೆಲ್ಲಗೆ ಸೋರುತ್ತದೆ. ತುಂಬಾ ಬಳಸಿ ಸವೆದ ಎಸ್‌ಎಸ್‌ಡಿಯಲ್ಲಿ ಬೇಗ, ಬಿಸಿ ಜಾಗದಲ್ಲಿ ಇನ್ನೂ ಬೇಗ. ಕೆಲಸಕ್ಕೆ ಎಸ್‌ಎಸ್‌ಡಿ, ಇಡುವುದಕ್ಕೆ ಹಾರ್ಡ್‌ಡಿಸ್ಕ್, ನನ್ನ ಲೆಕ್ಕ ಇಷ್ಟು. ಹಾರ್ಡ್‌ಡಿಸ್ಕನ್ನೂ ಇಟ್ಟು ಮರೆಯುವುದಲ್ಲ, ಆರು ತಿಂಗಳಿಗೊಮ್ಮೆ ಸಿಕ್ಕಿಸಿ ನಾಲ್ಕಾರು ಫೋಲ್ಡರ್ ತೆರೆದು ನೋಡಬೇಕು.

ತೆರೆದು ನೋಡಬೇಕು ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಾಪಿ ಮಾಡಿದ್ದೆಲ್ಲ ಸರಿಯಾಗಿಯೇ ಇರುತ್ತದೆ ಅಂತಿಲ್ಲ. ಹೆಸರು ಇರುತ್ತದೆ, ಗಾತ್ರ ಸರಿ ಇರುತ್ತದೆ, ತೆರೆದರೆ ಮೇಲರ್ಧ ಮಗು ನಗುತ್ತಿದೆ, ಕೆಳಗರ್ಧ ಬರೀ ಬೂದು ಬಣ್ಣ. ಕೇಬಲ್ ಸಡಿಲವಿದ್ದರೂ ಹೀಗಾಗಬಹುದು, ‘ಸೇಫ್ಲಿ ರಿಮೂವ್’ ಮಾಡದೆ ಎಳೆದರೂ ಆಗಬಹುದು. ಟೆರಾಕಾಪಿ ಥರದ ಪ್ರೋಗ್ರಾಂನಲ್ಲಿ ‘ವೆರಿಫೈ’ ಅಂತ ಇದೆ. ಕಾಪಿ ಮಾಡಿದ ಮೇಲೆ ಎರಡೂ ಕಡೆಯ ಫೈಲ್ ಓದಿ ಚೆಕ್‌ಸಮ್ ಹೋಲಿಸುತ್ತದೆ. ಚೆಕ್‌ಸಮ್ ಅಂದರೆ ಫೈಲ್‌ನ ಬೆರಳಚ್ಚು, ಒಂದು ಬಿಟ್ ಬದಲಾದರೂ ಬೇರೆಯೇ ಬರುತ್ತದೆ. ಸಮಯ ಹೆಚ್ಚುಕಮ್ಮಿ ಎರಡು ಪಟ್ಟು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಪ್ರಶ್ನೆ: ಲೈಟ್‌ರೂಮ್‌ಗೆ ತಿಂಗಳ ಚಂದಾ ಕಟ್ಟಿ ಸಾಕಾಗಿದೆ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ಗೆ ಹೋಗಬೇಕು ಅಂತಿದ್ದೇನೆ. ಚಂದಾ ನಿಲ್ಲಿಸಿದರೆ ಐದು ವರ್ಷದ ಎಡಿಟ್ ಎಲ್ಲ ಹೋಗುತ್ತವೆಯಾ?

ಉತ್ತರ: ಹೋಗುವುದಿಲ್ಲ. ಚಂದಾ ನಿಂತರೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಡೆವಲಪ್, ಮ್ಯಾಪ್ ಮಾಡ್ಯೂಲ್‌ಗಳಿಗೆ ಬೀಗ ಬೀಳುತ್ತದೆ. ತೊಂದರೆ ಬೇರೆ ಕಡೆ ಇದೆ. ಚೀಟಿಗಳನ್ನು ಬರೆದ ಭಾಷೆ ಒಂದೊಂದು ಸಾಫ್ಟ್‌ವೇರ್‌ಗೂ ಒಂದೊಂದು. ಲೈಟ್‌ರೂಮ್ ಚೀಟಿಯನ್ನು ರಾ ಫೋಟೋ ಪಕ್ಕದಲ್ಲಿ ಬರೆದಿಡುವ ಎಕ್ಸ್‌ಎಂಪಿ ಫೈಲಿನಿಂದ ಡಾರ್ಕ್‌ಟೇಬಲ್ ಸ್ಟಾರ್, ಟ್ಯಾಗ್, ಕ್ರಾಪ್ ಇಂಥ ಕೆಲವನ್ನು ಓದಿಕೊಳ್ಳುತ್ತದೆ, ಬಣ್ಣದ ಕೆಲಸವೆಲ್ಲ ಹಾಗೇ ದಾಟುವುದಿಲ್ಲ. ಆದ್ದರಿಂದ ಹೋಗುವ ಮುನ್ನ ಮುಖ್ಯವಾದ ಫೋಟೋಗಳನ್ನು 16 ಬಿಟ್ ಟಿಫ್ ಆಗಿ, ಉಳಿದವನ್ನು ಒಳ್ಳೆ ಗುಣಮಟ್ಟದ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಡಾರ್ಕ್‌ಟೇಬಲ್ ಮೊದಲ ವಾರ ತಲೆ ಕೆಡಿಸುತ್ತದೆ, ಗುಂಡಿಗಳು ಜಾಸ್ತಿ. ಅಂಥದ್ದೇ ಇನ್ನೊಂದು ಉಚಿತ ಸಾಫ್ಟ್‌ವೇರ್ ರಾಥೆರಪಿಯನ್ನೂ ಒಮ್ಮೆ ನೋಡಿ. ಡಾರ್ಕ್‌ಟೇಬಲ್‌ನಲ್ಲಿ ಓಪನ್‌ಸಿಎಲ್ ಆನ್ ಆಗಿದೆಯಾ ಅಂತ ಪರೀಕ್ಷಿಸಿ, ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತದೆ, ನೀವು ಮುಂದಿನ ಸಲ ‘ತೆವಳುತ್ತಿದೆ’ ಅಂತ ಪತ್ರ ಬರೆಯುತ್ತೀರಿ.

ಪ್ರಶ್ನೆ: ರಾ ಫೈಲ್‌ಗಳನ್ನೆಲ್ಲ ಡಿಎನ್‌ಜಿ ಮಾಡಿ ಮೂಲ ಅಳಿಸಲಾ? ಜಾಗ ಉಳಿಯುತ್ತದಂತೆ.

ಉತ್ತರ: ನಾನಂತೂ ಅಳಿಸುವುದಿಲ್ಲ. ಬೇರೆ ಬೇರೆ ಕ್ಯಾಮೆರಾಗಳ ರಾ ಫೈಲ್‌ಗೆಲ್ಲ ಒಂದೇ ನಮೂನೆ ಇರಲಿ ಅಂತ ಅಡೋಬಿ 2004ರಲ್ಲಿ ತಂದ ಡಿಎನ್‌ಜಿ ಒಳ್ಳೆಯ ಯೋಚನೆಯೇ, ಅದರ ವಿವರ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆದರೆ ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್ ಅದನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಇನ್ನೊಂದು ಕಿರಿಕಿರಿ ಇದೆ. ಡಿಎನ್‌ಜಿಯಲ್ಲಿ ಎಡಿಟ್‌ನ ಸೂಚನೆಗಳು ಫೈಲ್‌ನ ಒಳಗೇ ಬರೆಯಲ್ಪಡುತ್ತವೆ. ಒಂದು ಸ್ಟಾರ್ ಹಾಕಿದರೂ 25 ಎಂಬಿ ಫೈಲ್ ಬದಲಾಯಿತು ಅಂತ ಬ್ಯಾಕಪ್ ಪ್ರೋಗ್ರಾಂ ಇಡೀ ಫೈಲನ್ನು ಮತ್ತೆ ಹೊರುತ್ತದೆ. ಮೂಲ ರಾ ಪಕ್ಕದಲ್ಲಿ ಪುಟ್ಟ ಎಕ್ಸ್‌ಎಂಪಿ ಇದ್ದರೆ ಆ ಪುಟ್ಟದನ್ನು ಮಾತ್ರ ಹೊತ್ತರೆ ಸಾಕು, ಮೂಲವನ್ನು ಯಾರೂ ಮುಟ್ಟುವುದಿಲ್ಲ. ಲೈಟ್‌ರೂಮ್‌ನ ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ‘ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆ’ ಅನ್ನುವ ಆಯ್ಕೆ ಹಾಕಿ. ಕ್ಯಾಟಲಾಗ್ ಕೆಟ್ಟರೂ ಚೀಟಿ ಫೋಟೋ ಪಕ್ಕದಲ್ಲೇ ಇರುತ್ತದೆ.

ಜಾಗ ಉಳಿಸಬೇಕಾ? ಬೇಡದ್ದನ್ನು ತೆಗೆಯಿರಿ. ಒಂದೇ ನಗುವಿನ ಇಪ್ಪತ್ತೆರಡು ಫೋಟೋದಲ್ಲಿ ಹತ್ತೊಂಬತ್ತರಲ್ಲಿ ಕಣ್ಣು ಮುಚ್ಚಿರುತ್ತದೆ. ಎಕ್ಸ್ ಕೀ ಒತ್ತಿ ಗುರುತು ಮಾಡಿ, ಒಂದು ವಾರ ಬಿಡಿ, ಮತ್ತೆ ನೋಡಿ, ಆಮೇಲೆ ಅಳಿಸಿ. ಅಳಿಸುವಾಗ ‘ಕ್ಯಾಟಲಾಗ್‌ನಿಂದ ತೆಗೆ’, ‘ಡಿಸ್ಕ್‌ನಿಂದ ಅಳಿಸು’ ಅಂತ ಎರಡು ಗುಂಡಿ ಬರುತ್ತವೆ. ಮೊದಲನೆಯದು ಒತ್ತಿದರೆ ಒಂದು ಎಂಬಿಯೂ ಉಳಿಯುವುದಿಲ್ಲ, ಎರಡನೆಯದು ಒತ್ತುವ ಮೊದಲು ಕೆಳಗೆ ಎಷ್ಟು ಫೋಟೋ ಆಯ್ಕೆಯಾಗಿವೆ ಅಂತ ಸಂಖ್ಯೆ ಓದಿ. ನನ್ನ ಆ ಸಂಜೆ ನಾನು ಓದಿರಲಿಲ್ಲ.